ಪ್ರತಿಕ್ರಿಯೆ: ಕಡ್ಡಿ ಬೇರು ಬಿಡದೆ ಕೊಳೆಯುತ್ತಿರೋದಕ್ಕೆ

ಗಿಡದ ಕಡ್ಡಿಗಳನ್ನು ಮಣ್ಣಿಲ್ಲದೆ ಡಬ್ಬದಲ್ಲಿ ನೇತುಹಾಕಿ, ತಳದ ನೀರನ್ನು ಪಂಪಿನಿಂದ ಅವುಗಳ ಬುಡಕ್ಕೆ ಸಿಂಪಡಿಸಿ ಬೇರು ಬರಿಸಲು ನೋಡ್ತಿದ್ದೀರಿ. ಪಂಪ್ ಹತ್ತು ದಿನ ನಿಲ್ಲಿಸದೆ ಓಡಿಸಿದರೂ ಬೇರಿಲ್ಲ, ಕಡ್ಡಿಗಳ ಬುಡ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದೆ ಅಂದಿದ್ದೀರಿ. ನನ್ನ ಅನುಮಾನ ನೀರಿನ ಬಿಸಿಯ ಮೇಲೆ. ಮುಳುಗುವ ಪಂಪ್ ದಿನವಿಡೀ ಓಡಿದರೆ ಮೋಟರಿನ ಶಾಖವೆಲ್ಲ ನೀರಿಗೇ ಇಳಿಯುತ್ತೆ. 20 ಡಿಗ್ರಿಯ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯದರಲ್ಲಿ ಏಳೂವರೆ ಅಷ್ಟೇ. ಕೊಳೆರೋಗಕ್ಕೆ ಅದೇ ಹಬ್ಬ. ಮೊದಲ ಸಲ ನಾನೂ ಹೀಗೇ ಒಂದು ಡಬ್ಬ ದಾಸವಾಳ ಕಳೆದುಕೊಂಡೆ.

ಟೈಮರ್ ಹಾಕಿ: ಒಂದು ನಿಮಿಷ ಸಿಂಪರಣೆ, ನಾಲ್ಕು ನಿಮಿಷ ಬಿಡುವು. ಥರ್ಮಾಮೀಟರ್ ಇಳಿಬಿಟ್ಟು ನೋಡಿ, 25 ದಾಟಿದರೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯೊಂದನ್ನು ಒಳಗೆ ತೇಲಿಬಿಡಿ. ಡಬ್ಬ ಪಾರದರ್ಶಕ ಅಂದಿರಲ್ಲ, ಸುತ್ತ ಟೇಪ್ ಸುತ್ತಿ. ಬೆಳಕು ಬಿದ್ದರೆ ಪಾಚಿ ಗ್ಯಾರಂಟಿ. ಗೊಬ್ಬರ ಈಗಲೇ ಬೇಡ.

ಕೊಳೆತದ್ದನ್ನು ಎಸೆದು, ಡಬ್ಬ, ಪಂಪ್, ನಾಝಲ್ ಎಲ್ಲವನ್ನೂ ತೆಳು ಬ್ಲೀಚ್ ನೀರಲ್ಲಿ ತೊಳೆದು ಚೆನ್ನಾಗಿ ಜಾಲಿಸಿ. ಹೊಸ ಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಬುಡ ನೀರಿಗೆ ತಾಗದೆ ಎರಡು ಮೂರು ಇಂಚು ಮೇಲಿರಲಿ. ಆಮೇಲೆ ಬುಡದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಗುಳ್ಳೆ ಕಂಡರೆ ಕಿತ್ತೆಸೆಯಬೇಡಿ ಮತ್ತೆ! ಅದು ಕೊಳೆಯಲ್ಲ, ಸಾಮಾನ್ಯವಾಗಿ ಅದರ ಬೆನ್ನಿಗೇ ಬೇರು ಬರುತ್ತೆ.