ಬೆಟ್ಟದಲ್ಲಿ ಹಿಮಕ್ಕಿಂತ ಮೊದಲು ಬರುವ ಮಳೆಗೆ ತಯಾರಾಗಿ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಐದು ಜನ ಹೊರಟಿದ್ದೀರಿ, ಅದರಲ್ಲಿ ಇಬ್ಬರಿಗೆ ಇದೇ ಮೊದಲ ಚಾರಣ. ಮೂರು ದಿನದ ದಾರಿ. ಮೊದಲ ರಾತ್ರಿ 2,400 ಮೀಟರಿನಲ್ಲಿ ಕ್ಯಾಂಪ್, ಎರಡನೇ ದಿನ 3,400 ಮೀಟರಿನ ಪಾಸ್, ಅಂದರೆ ಎರಡು ಬೆಟ್ಟಗಳ ನಡುವಿನ ಕಣಿವೆದಾರಿ, ದಾಟಬೇಕು. ಅದೇ ಎರಡನೇ ದಿನ ಕೆಳಗೆ ಮಳೆ, ಮೇಲೆ ಜೋರು ಗಾಳಿ, 2,800 ಮೀಟರಿಗಿಂತ ಮೇಲೆ ಹಿಮ ಅಂತ ಮುನ್ಸೂಚನೆ ಇದೆ. "ವಸಂತ ಅಲ್ವಾ, ಚಳಿಗಾಲದಷ್ಟು ಕಷ್ಟ ಇರಲ್ಲ, ಹೊಸ ಹಿಮ ನೋಡೋಕೂ ಸಿಗುತ್ತೆ, ಹೋಗಬಹುದಾ?" ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ದಿನ ಪಾಸ್ ದಾಟಬೇಡಿ. ರಜೆ ಹೊಂದಿಸಲು ಆದರೆ ಇಡೀ ಚಾರಣವನ್ನು ನಾಲ್ಕೈದು ದಿನ ಮುಂದಕ್ಕೆ ಹಾಕಿ. ಆಗದಿದ್ದರೆ ಮೊದಲ ಕ್ಯಾಂಪಿನವರೆಗೆ ಹೋಗಿ, ಕಾಡಿನ ಅಂಚಿನಲ್ಲಿ ಓಡಾಡಿ, ಹೋದ ದಾರಿಯಲ್ಲೇ ವಾಪಸ್ ಬನ್ನಿ. ಹೊಸಬರು ಇಬ್ಬರಿಗೆ ಅಷ್ಟೇ ಸಾಕು. ಅವರು ಇನ್ನೊಮ್ಮೆ ಬೆಟ್ಟಕ್ಕೆ ಬರಬೇಕು ಅಂದರೆ ಈ ಸಲ ಖುಷಿಯಾಗಿ ಕೆಳಗಿಳಿಯಬೇಕು.

"ವಸಂತ ಅಲ್ವಾ" ಅನ್ನುವ ಮಾತಿಗೆ ಬರುತ್ತೇನೆ, ಯಾಕಂದರೆ ತುಂಬಾ ಜನ ಎಡವುವುದು ಅಲ್ಲೇ. ನಡು ಚಳಿಗಾಲದಲ್ಲಿ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಬೀಳುವ ಹಿಮ ಒಣಗಿರುತ್ತದೆ. ಜಾಕೆಟ್ ಮೇಲೆ ಬಿದ್ದರೆ ಕೊಡವಿಕೊಂಡು ನಡೆಯಬಹುದು. ವಸಂತದಲ್ಲಿ ಆಗುವುದೇ ಬೇರೆ. ಬೆಳಗ್ಗೆ ಐದಾರು ಡಿಗ್ರಿಯಲ್ಲಿ ಮಳೆ ಹಿಡಿಯುತ್ತದೆ. ಮೂರ್ನಾಲ್ಕು ಗಂಟೆ ಹತ್ತುವಷ್ಟರಲ್ಲಿ ಹೊರಗಿನಿಂದ ಮಳೆ, ಒಳಗಿನಿಂದ ಬೆವರು, ಮೈಯೆಲ್ಲ ಒದ್ದೆ. ಆಮೇಲೆ ಗಾಳಿ ಏಳುತ್ತದೆ. ಅದರ ಹಿಂದೆಯೇ ಥಂಡಿ ಇಳಿದು ಹಿಮ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನೀವು ಸುಸ್ತಾಗಿ, ಒದ್ದೆ ಬಟ್ಟೆಯಲ್ಲಿ, ದಾರಿಯ ಅತಿ ಎತ್ತರದ ಜಾಗದಲ್ಲಿ ನಿಂತಿರುತ್ತೀರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ವೇಗದಲ್ಲಿ ಶಾಖ ಸಾಗಿಸುತ್ತದೆ. ಅದಕ್ಕೇ ನನಗೆ ಹಿಮಕ್ಕಿಂತ ಅದಕ್ಕೆ ಮುಂಚಿನ ಆ ಮೂರ್ನಾಲ್ಕು ಗಂಟೆಯ ಮಳೆಯದೇ ಭಯ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಇಂಥದೇ ಒಂದು ಪಾಸ್ ಹತ್ತುತ್ತಿದ್ದೆವು. ಬೆಳಗ್ಗೆಯಿಂದ ಸಣ್ಣ ಮಳೆ. ಎಲ್ಲರೂ ಪಾಂಚೋ (ತಲೆಯಿಂದ ಇಳಿಬಿಡುವ ಸಡಿಲ ಮಳೆ ಹೊದಿಕೆ) ಹಾಕಿದ್ದೆವು, ಒಳಗೆ ಹತ್ತಿ ಟೀ ಶರ್ಟ್. ಮೇಲಿನ ಬಯಲಿಗೆ ಬಂದಾಗ ಗಾಳಿ ಹೊಡೆಯಿತು, ಪಾಂಚೋ ಎದ್ದು ಮುಖದ ಮೇಲೆ ಬಂತು. ಅಷ್ಟರಲ್ಲಿ ಟೋಪಿಯ ಮೇಲೆ ಟಪಟಪ ಅನ್ನುತ್ತಿದ್ದ ಸದ್ದು ನಿಂತಿತು. ಮಳೆ ನಿಂತಿತು ಅಂತ ಸಮಾಧಾನವಾಯಿತು. ತೋಳು ನೋಡಿಕೊಂಡರೆ ಬಿಳಿ ಚೂರುಗಳು. ಮಳೆ ನಿಂತಿರಲಿಲ್ಲ, ಹಿಮ ಆಗಿತ್ತು. ಪಕ್ಕದಲ್ಲಿದ್ದ ಗೆಳೆಯ ಜಾಕೆಟ್ ತೆಗೆಯಲು ಬ್ಯಾಗ್ ಇಳಿಸಿದ. ಜಿಪ್ಪಿನ ಬಾಲ ಹಿಡಿಯಲು ಅವನ ಬೆರಳಿಗೆ ಆಗಲಿಲ್ಲ. ಎರಡು ಅಂಗೈಯ ಮಧ್ಯೆ ಒತ್ತಿ ಹಿಡಿದು ಎಳೆಯಲು ನೋಡಿದ, ಆಮೇಲೆ ಹಲ್ಲಿನಲ್ಲಿ ಕಚ್ಚಿ ಎಳೆದ. ಏನಾಯ್ತು ಅಂದರೆ "ಏನಿಲ್ಲ, ಏನಿಲ್ಲ" ಅಂದ. ಆ ಎರಡು ಪದವೂ ತೊದಲುತ್ತಿದ್ದವು. ಪಾಸ್ ಇನ್ನು ಮುಕ್ಕಾಲು ಗಂಟೆ ದೂರ ಇತ್ತು. ಅಲ್ಲಿಂದಲೇ ತಿರುಗಿದೆವು. ಕಾಡಿನೊಳಗೆ ಇಳಿದು ಟೆಂಟ್ ಹಾಕಿ, ಅವನ ಬಟ್ಟೆ ಬದಲಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿದ ಮೇಲೂ ನಡುಕ ನಿಲ್ಲಲು ಒಂದು ಗಂಟೆಗಿಂತ ಜಾಸ್ತಿ ಬೇಕಾಯಿತು. ಅವತ್ತು ಹಿಮ ಬಿದ್ದದ್ದು ನಾಲ್ಕು ಬೆರಳಷ್ಟೂ ಇಲ್ಲ.

ಹಾಗಾಗಿ ನಿಮ್ಮ ತಂಡದವರಿಗೆ ಹೊರಡುವ ಮೊದಲೇ ಈ ಲಕ್ಷಣಗಳನ್ನು ಬಾಯಿಪಾಠ ಮಾಡಿಸಿ. ಎಡವುವುದು, ತೊದಲುವುದು, ಕೈಯಿಂದ ವಸ್ತು ಜಾರಿಸುವುದು, ಸುಮ್ನೆ ಸಿಡುಕುವುದು ಅಥವಾ ಮಾತೇ ನಿಲ್ಲಿಸುವುದು. ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಆದವರಿಗೆ ತಮಗೆ ಆಗಿದೆ ಅಂತ ಗೊತ್ತಾಗುವುದಿಲ್ಲ, ಪಕ್ಕದವರೇ ನೋಡಿ ಹೇಳಬೇಕು. ಜೋರಾಗಿ ನಡುಗುತ್ತಿರುವವರಿಗಿಂತ, ಚೇತರಿಸಿಕೊಳ್ಳದೆ ನಡುಕ ನಿಂತುಹೋದವರ ಸ್ಥಿತಿ ಜಾಸ್ತಿ ಅಪಾಯದ್ದು. ಗಾಳಿಯಿಂದ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ. ಕೆಳಗೆ ಮ್ಯಾಟ್ ಹಾಸುವುದನ್ನು ಮರೆಯಬೇಡಿ, ನೆಲ ತುಂಬಾ ಶಾಖ ಎಳೆಯುತ್ತದೆ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಬಿಸಿಯಾದ, ಸಕ್ಕರೆ ಹಾಕಿದ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ. ಕೈಕಾಲು ತಿಕ್ಕುವುದೂ ಬೇಡ.

ಇನ್ನು ಆ 2,800 ಮೀಟರ್ ಲೆಕ್ಕ. ಅದನ್ನು ಗೆರೆ ಎಳೆದ ಹಾಗೆ ನಂಬಬೇಡಿ. ಬೆಟ್ಟದ ಮೇಲಿನ ಇಂಥ ಮಳೆ ಬಹುಪಾಲು ಮೋಡದೊಳಗೆ ಹಿಮವಾಗಿಯೇ ಹುಟ್ಟುತ್ತದೆ. ಸೊನ್ನೆ ಡಿಗ್ರಿಯ ಮಟ್ಟ ದಾಟಿ ಸಾಮಾನ್ಯವಾಗಿ ಇನ್ನೂ 200-300 ಮೀಟರ್ ಇಳಿದ ಮೇಲೆ ಕರಗಿ ಹನಿಯಾಗುತ್ತದೆ. ಕರಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಅಂದರೆ ಮಳೆ ಜೋರಾಗಿ, ಬಿಡದೆ ಸುರಿದಷ್ಟೂ ಗಾಳಿ ತಣ್ಣಗಾಗಿ ಹಿಮದ ಮಟ್ಟ ಕೆಳಗೆ ಬರುತ್ತದೆ. ಇಕ್ಕಟ್ಟಾದ ಕಣಿವೆಗಳಲ್ಲಿ ಇದು ನೂರಾರು ಮೀಟರ್ ಇಳಿಯಬಹುದು. ನಿಮ್ಮ 2,400 ಮೀಟರಿನ ಕ್ಯಾಂಪಿನಲ್ಲೂ ರಾತ್ರಿ ಹಿಮ ಬಿದ್ದರೆ ಆಶ್ಚರ್ಯ ಇಲ್ಲ. ಮೇಲಿನ ಚಳಿಗೆ ಒಂದು ಸುಲಭ ಲೆಕ್ಕ ಇದೆ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಕಳೆಯಿರಿ. ಕ್ಯಾಂಪಿನಲ್ಲಿ 5 ಡಿಗ್ರಿ ಇದ್ದರೆ ಪಾಸಿನಲ್ಲಿ ಸೊನ್ನೆಗಿಂತ ಕೆಳಗೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಇದ್ದರೆ ಬರಿ ಚರ್ಮಕ್ಕೆ ಮೈನಸ್ 7ರಂತೆ ಅನಿಸುತ್ತದೆ. ಅದೂ ಒಣಗಿದ ಚರ್ಮಕ್ಕೆ. ಗಾಳಿ ಎರಡು ಪಟ್ಟಾದರೆ ಅದರ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. 30 ಕಿ.ಮೀ. ಗಾಳಿಯಲ್ಲಿ ಆರಾಮಾಗಿ ನಡೆದವರು 60ರಲ್ಲಿ ದೊಡ್ಡ ಬ್ಯಾಗ್ ಹೊತ್ತು ಸರಿಯಾಗಿ ಹೆಜ್ಜೆ ಇಡಲಾರರು.

ಕ್ಯಾಂಪಿನವರೆಗೆ ಹೋಗುವುದಾದರೆ ಏನು ತಗೊಂಡು ಹೋಗಬೇಕು ಅಂತಲೂ ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು, ಪ್ರತಿಯೊಬ್ಬರಿಗೂ ಒಂದು ಜೊತೆ ಒಣಗಿದ ಬಟ್ಟೆ. ಉಣ್ಣೆಯದು ಅಥವಾ ಸಿಂಥೆಟಿಕ್, ಜೊತೆಗೆ ಸಾಕ್ಸ್ ಮತ್ತು ಟೋಪಿ. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿ ತಿರುಚಿ ಕಟ್ಟಿ ಇಡಿ. ಟೆಂಟಿನೊಳಗೆ ಸೇರುವವರೆಗೆ ಅಥವಾ ಯಾರಿಗಾದರೂ ಆಪತ್ತು ಬರುವವರೆಗೆ ಅದನ್ನು ಮುಟ್ಟಬಾರದು. ಬೆಳಗ್ಗೆ ಹೊರಡುವಾಗ ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಕಷ್ಟ ಅನಿಸುತ್ತದೆ, ಹತ್ತು ನಿಮಿಷ ನಡೆದರೆ ಸರಿಹೋಗುತ್ತದೆ. ಸ್ಲೀಪಿಂಗ್ ಬ್ಯಾಗಿಗೂ ಇದೇ ಥರ ಚೀಲ ಬೇಕು. ಬ್ಯಾಗಿನ ಮೇಲೆ ಹಾಕುವ ಕವರ್ ಒಂದನ್ನೇ ನೆಚ್ಚಬೇಡಿ, ಗಾಳಿಗೆ ಹಾರಿಹೋಗುತ್ತದೆ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಮನೆಯಲ್ಲೇ ಇರಲಿ. ಪಾಂಚೋ ಕಾಡಿನೊಳಗೆ ಸರಿ, ಬಯಲಿಗೆ ಬಂದರೆ ಟೋಪಿ ಇರುವ ರೇನ್ ಜಾಕೆಟ್ ಮತ್ತು ರೇನ್ ಪ್ಯಾಂಟೇ ಬೇಕು. ಗ್ಲೌಸ್ ಎರಡು ಜೊತೆ ಇರಲಿ, ಇದನ್ನು ಮಾತ್ರ ನಾನು ಜಗಳ ಮಾಡಿಯಾದರೂ ತರಿಸುತ್ತೇನೆ. ಬೆರಳು ಹೋದರೆ ಜಿಪ್, ಬಕಲ್, ಲೈಟರ್ ಎಲ್ಲವೂ ಹೋದ ಹಾಗೆ. ಚಳಿ ಆದ ಮೇಲೆ ಜಾಕೆಟ್ ಹಾಕೋಣ ಅನ್ನಬೇಡಿ, ಮೊದಲ ಗಾಳಿಗೆ ಮುಂಚೆಯೇ, ಮರದ ಮರೆಯಲ್ಲೇ ಹಾಕಿ.

ಸ್ಟೌವ್‌ಗೆ ಬರೀ ಬ್ಯುಟೇನ್ ಇಂಧನ ಇರುವ ಡಬ್ಬಿ ತಂದರೆ ಸೊನ್ನೆ ಡಿಗ್ರಿ ಹತ್ತಿರ ಸರಿಯಾಗಿ ಉರಿಯುವುದಿಲ್ಲ. ಅದರ ಕುದಿಬಿಂದು ಮೈನಸ್ 0.5 ಡಿಗ್ರಿ. ಐಸೋಬ್ಯುಟೇನ್ ಮತ್ತು ಪ್ರೊಪೇನ್ ಮಿಶ್ರಣ ಅಂತ ಬರೆದಿದ್ದನ್ನೇ ತನ್ನಿ. ಫೋನ್, ಟಾರ್ಚ್ ಬ್ಯಾಟರಿ ಒಳಜೇಬಿನಲ್ಲಿರಲಿ.

ಟೆಂಟ್ ಹಾಕುವಾಗ ಚಿಕ್ಕ ಬದಿ ಗಾಳಿಗೆ ಎದುರಾಗಿರಲಿ, ಬಾಗಿಲು ಗಾಳಿ ಬೀಸದ ಬದಿಗೆ. ಹಗ್ಗಗಳನ್ನೆಲ್ಲ ಬಿಚ್ಚಿ ಕಟ್ಟಿ. ಗಾಳಿ ಇಲ್ಲದ ಸಂಜೆ ಅದು ಬೇಡ ಅನಿಸುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ಹೊರಗೆ ಹೋಗಿ ಕಟ್ಟಲು ಯಾರಿಂದಲೂ ಆಗುವುದಿಲ್ಲ. ನೆಲ ಮೆತ್ತಗಿದ್ದರೆ ಗೂಟದ ಮೇಲೆ ಭಾರವಾದ ಕಲ್ಲು ಹೇರಿ. ಹಳ್ಳದ ಪಕ್ಕ, ಒಣಗಿದ ಮರದ ಕೆಳಗೆ ಬೇಡ. ವಸಂತದ ಹಿಮ ನೀರು ಹಿಡಿದ ಹಿಮ. 30 ಸೆಂ.ಮೀ. ಬಿದ್ದರೆ ಒಂದು ಚದರ ಮೀಟರಿಗೆ 45 ಕೆ.ಜಿ.ಯವರೆಗೂ ಭಾರ ಆಗಬಹುದು, ಟೆಂಟಿನ ಕಂಬಿ ಬಾಗಿಹೋಗುತ್ತದೆ. ರಾತ್ರಿ ಸರದಿ ಮೇಲೆ ಎದ್ದು ಒಳಗಿನಿಂದ ತಟ್ಟಿ ಕೆಡವುತ್ತಿರಿ. ಗಾಳಿಕಿಂಡಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಎಷ್ಟೇ ಚಳಿ ಇದ್ದರೂ ಬಾಗಿಲು ಮುಚ್ಚಿ ಒಳಗೆ ಸ್ಟೌವ್ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಆಲ್ಟಿಮೀಟರ್, ಅಂದರೆ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸಾಧನ, ಇರುವ ವಾಚ್ ಯಾರ ಹತ್ತಿರವಾದರೂ ಇದೆಯಾ? ಇದ್ದರೆ ತುಂಬಾ ಉಪಯೋಗ. ಜಿಪಿಎಸ್ ನೋಡಿ ತಾನೇ ಸರಿಮಾಡಿಕೊಳ್ಳುವ ಸೆಟ್ಟಿಂಗ್ ಆಫ್ ಮಾಡಿ, ಮಲಗುವಾಗ ಎತ್ತರ ನೋಡಿಟ್ಟುಕೊಳ್ಳಿ. ನೀವು ಕದಲದೇ ಇದ್ದರೂ ಬೆಳಗ್ಗೆ 40-50 ಮೀಟರ್ ಜಾಸ್ತಿ ತೋರಿಸಿದರೆ, ಗಾಳಿಯ ಒತ್ತಡ 4-5 ಹೆಕ್ಟೋಪ್ಯಾಸ್ಕಲ್ ಇಳಿದಿದೆ ಅಂತ ಅರ್ಥ. ಹವಾಮಾನ ಕೆಡುತ್ತಿದೆ, ಹೇಳಿದ ಸಮಯಕ್ಕಿಂತ ಮುಂಚೆಯೇ ಬರಬಹುದು. ಆಕಾಶವೂ ಹೇಳುತ್ತದೆ. ಹಿಂದಿನ ದಿನ ಸೂರ್ಯ ಅಥವಾ ಚಂದ್ರನ ಸುತ್ತ ಬಳೆ ಕಟ್ಟಿ, ಆಮೇಲೆ ಮೋಡ ದಪ್ಪವಾಗುತ್ತಾ ಕೆಳಗಿಳಿದರೆ ಮಳೆ ದೂರ ಇಲ್ಲ. ಸಾಬೂದಾಣಿಯಂಥ ಮೆತ್ತನೆ ಬಿಳಿ ಕಾಳು ಬೀಳತೊಡಗಿದರೆ ಸಿಡಿಲಿನ ಸಾಧ್ಯತೆ ಇದೆ, ದಿಣ್ಣೆ ಬಿಟ್ಟು ಕೂಡಲೇ ಇಳಿಯಿರಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇದ್ದರೆ ಸಿಡಿಲು ಸುಮಾರು 10 ಕಿ.ಮೀ. ದೂರದಲ್ಲಿದೆ, ಅಷ್ಟು ಹತ್ತಿರ ಬರುವುದರೊಳಗೆ ನೀವು ಕೆಳಗೆ ಇರಬೇಕು.

"ಒಂದು ದಿನ ಕ್ಯಾಂಪಿನಲ್ಲಿ ಕೂತು, ಮಳೆ ಬಿಟ್ಟ ಮರುದಿನ ಪಾಸ್ ದಾಟಿದರೆ?" ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಅದು ಇನ್ನೂ ಜಾಸ್ತಿ ಮೋಸದ ದಿನ. ನೀಲಿ ಆಕಾಶ, ಬಿಸಿಲು, ಬೆಳ್ಳಗೆ ಹೊಳೆಯುವ ಬೆಟ್ಟ, ಎಲ್ಲರಿಗೂ ಹೊರಡುವ ಆಸೆ. ಅದೇ ಹೊತ್ತಿಗೆ ಗಾಳಿ ಹೊತ್ತು ತಂದ ಹಿಮ ದಿಣ್ಣೆಯ ಆಚೆ ಬದಿ ರಾಶಿ ಬಿದ್ದಿರುತ್ತದೆ, ಹಳೆಯ ಹಿಮದ ಜೊತೆ ಇನ್ನೂ ಕೂಡಿಕೊಂಡಿರುವುದಿಲ್ಲ. ಬಿಸಿಲು ತಾಗಿದಂತೆ ಮೇಲ್ಪದರ ಒದ್ದೆಯಾಗಿ ಜಾರುತ್ತದೆ. ಅವಲಾಂಚ್ (ಹಿಮಕುಸಿತ) ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನೀವು ನಡೆಯುವ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಅಂಥ ಇಳಿಜಾರು ಇದ್ದರೆ ಅಪಾಯ ಅಷ್ಟೇ ಇದೆ. ಇಳಿಜಾರಿನಿಂದ ತಾನಾಗಿ ಹಿಮದುಂಡೆ ಉರುಳುವುದು, ಕಾಲಿಟ್ಟಾಗ ಕೆಳಗಿನಿಂದ ಧುಮ್ ಅನ್ನುವ ಸದ್ದು, ಹೆಜ್ಜೆಯಿಂದ ಬಿರುಕು ಓಡುವುದು, ಇದರಲ್ಲಿ ಒಂದು ಕಂಡರೂ ಹಿಂದಕ್ಕೆ ಬನ್ನಿ. ಹಿಮದಡಿ ಪೂರ್ತಿ ಹೂತುಹೋದವರನ್ನು ಬದುಕಿಸಲು ಸಿಗುವುದು ಮೊದಲ 10-15 ನಿಮಿಷ. ಹುಡುಕುವ ಸಾಧನ, ತರಬೇತಿ ಇಲ್ಲದ ಐದು ಜನ ಅಷ್ಟರಲ್ಲಿ ಏನು ಮಾಡಲು ಸಾಧ್ಯ? ಬಿರುಗಾಳಿ ನಿಂತ ಮೇಲೆ ಕನಿಷ್ಠ ಎರಡು ದಿನ ಬಿಡಿ. ಆಮೇಲೂ ಅಲ್ಲಿನ ಅವಲಾಂಚ್ ಎಚ್ಚರಿಕೆ ನೋಡಿಕೊಂಡು, ನಸುಕಿನಲ್ಲೇ ಹೊರಟು ಬಿಸಿಲೇರುವ ಮುಂಚೆ ಇಳಿಜಾರು ದಾಟಿ ಮುಗಿಸಿ. ನಾಲ್ಕೈದು ದಿನ ಮುಂದಕ್ಕೆ ಹಾಕಿ ಅಂದದ್ದು ಇದಕ್ಕೇ.

ಹಳ್ಳಗಳ ಬಗ್ಗೆಯೂ ಯೋಚಿಸಿ. ಮಳೆನೀರಿಗೆ ಕರಗಿದ ಹಿಮವೂ ಸೇರಿ, ಹೋಗುವಾಗ ಪಾದ ಮುಳುಗುವಷ್ಟಿದ್ದ ಹಳ್ಳ ಬರುವಾಗ ತೊಡೆಮಟ್ಟ ಇರಬಹುದು. ಕರಗುವ ನೀರು ಸಂಜೆ ಏರುತ್ತದೆ, ನಸುಕಿನಲ್ಲಿ ಇಳಿಯುತ್ತದೆ. ಸಂಜೆ ದಾಟಲು ಆಗದಿದ್ದರೆ ಈ ದಡದಲ್ಲೇ ರಾತ್ರಿ ಕಳೆಯಿರಿ. ದಾಟುವಾಗ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಲಿ.

1986ರ ಮೇ ತಿಂಗಳಲ್ಲಿ ಅಮೆರಿಕದ ಮೌಂಟ್ ಹುಡ್ ಪರ್ವತ ಹತ್ತಲು ಹೋದ ಶಾಲೆಯೊಂದರ ತಂಡ ಬಿರುಗಾಳಿಗೆ ಸಿಕ್ಕಿತು. ತುದಿ ಮುಟ್ಟುವ ಮೊದಲೇ ತಿರುಗಿದರು, ಆದರೆ ಅಷ್ಟರಲ್ಲಿ ತಡವಾಗಿತ್ತು. ಹಿಮದಲ್ಲಿ ಗುಹೆ ತೋಡಿ ಕೂತರು. 9 ಜನ ತೀರಿಕೊಂಡರು, ಅದರಲ್ಲಿ 7 ಮಂದಿ ವಿದ್ಯಾರ್ಥಿಗಳು. ತಿಂಗಳು ಗಮನಿಸಿ, ಮೇ. ನಾನು ಯಾವ ತಂಡದ ಜೊತೆ ಹೋದರೂ ಹಿಂದಿನ ರಾತ್ರಿಯೇ ವಾಪಸಾಗುವ ಗಂಟೆ ಗೊತ್ತುಮಾಡಿ ಎಲ್ಲರ ಬಾಯಲ್ಲಿ ಹೇಳಿಸುವುದು ಇದಕ್ಕೇ. ಇಂತಿಷ್ಟು ಗಂಟೆಗೆ ಎಲ್ಲಿದ್ದರೆ ಅಲ್ಲಿಂದಲೇ ತಿರುಗುವುದು. ಜೊತೆಗೆ ಇನ್ನೊಂದು, ಐವರಲ್ಲಿ ಯಾರು ಬೇಕಾದರೂ "ಸಾಕು" ಅನ್ನಬಹುದು, ಅಂದ ಮೇಲೆ ವಾದ ಇಲ್ಲ. ಹೊಸಬರು ಸಾಮಾನ್ಯವಾಗಿ ಹಿಂಜರಿಯುತ್ತಾರೆ, ಅವರಿಗೆ ಇದನ್ನು ಎರಡು ಸಲ ಹೇಳಿ.

ಪಾಸಿನ ಎರಡೂ ಬದಿಯ ನಕ್ಷೆ ನಿಮ್ಮ ಹತ್ತಿರ ಇದ್ದರೆ ಇಲ್ಲೇ ಹಾಕಿ. ಎತ್ತರದ ಗೆರೆಗಳು ಕಾಣುವ ಹಾಗಿರಲಿ. ಕೊನೆಯ ಏರು ಎಷ್ಟು ಕಡಿದಾಗಿದೆ, ಯಾವ ದಿಕ್ಕಿಗಿದೆ ಅಂತ ಇವತ್ತು ಸಂಜೆ ನೋಡಿ ಹೇಳುತ್ತೇನೆ.