ಕೊಡದ ಓಟಿ ಹಣಕ್ಕೆ ‘ಕೊಟ್ಟಾಯಿತು’ ಎಂದು ಸಹಿ ಹಾಕಲೇ?

ಪ್ರಶ್ನೆ: ಕೋಲಾರದ ಹತ್ತಿರ ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ವಯಸ್ಸು 29. ನಮ್ಮಲ್ಲಿ 60 ಜನ ಗುತ್ತಿಗೆ ಕಾರ್ಮಿಕರಿದ್ದಾರೆ. ಓಟಿ (ಓವರ್‌ಟೈಮ್, ಹೆಚ್ಚುವರಿ ಗಂಟೆಗಳ ಕೆಲಸ) ಹಣ ಸರಿಯಾಗಿ ಬರುತ್ತಿಲ್ಲ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾರೆ. ಮುಂದಿನ ತಿಂಗಳು ಗ್ರಾಹಕ ಕಂಪನಿಯವರ ಆಡಿಟ್. ಪ್ಲಾಂಟ್ ಹೆಡ್ ಮೂರೂ ತಿಂಗಳ ವೇತನ ರಿಜಿಸ್ಟರ್ ಮುಂದಿಟ್ಟು, ‘ನನ್ನ ಸಮಕ್ಷಮ ಪಾವತಿಯಾಗಿದೆ’ ಎಂಬಲ್ಲಿ ಸಹಿ ಹಾಕು, ಅದು ಕಾಂಟ್ರಾಕ್ಟರ್ ತಲೆನೋವು, ನಿನಗೇಕೆ ಎನ್ನುತ್ತಿದ್ದಾರೆ. ಕಾಂಟ್ರಾಕ್ಟರ್ ನಮ್ಮೂರಿನವರೇ. ಈ ಕೆಲಸ ಕೊಡಿಸಿದ್ದೂ ಅವರೇ. ಅಣ್ಣ ಎಂದೇ ಕರೆಯುತ್ತೇನೆ. ಕಾರ್ಮಿಕರಲ್ಲಿ ಅರ್ಧ ಜನ ಅಕ್ಕಪಕ್ಕದ ಹಳ್ಳಿಯವರು. ಮನೆ ಸಾಲದ ಕಂತು ಬೇರೆ ಇದೆ. ಏನು ಮಾಡಲಿ?
— ಹೆಸರು ಬೇಡ

ಸಹಿ ಹಾಕಬೇಡಿ. ಹಾಗೆಂದು ಇವತ್ತೇ ಪ್ಲಾಂಟ್ ಹೆಡ್ ಎದುರು ನಿಂತು ‘ಇದು ಅನ್ಯಾಯ’ ಎಂದು ವಾದಕ್ಕೂ ಇಳಿಯಬೇಡಿ. ನಿಮ್ಮ ಕೈಯಲ್ಲಿ ಈಗಿರುವುದು ಕಾರ್ಮಿಕರ ದೂರು ಮಾತ್ರ, ಲೆಕ್ಕ ಇಲ್ಲ. ಲೆಕ್ಕ ಇಲ್ಲದೆ ಹೋದರೆ ನಿಮ್ಮನ್ನು ‘ಊರಿನವರ ಪರ’ ಎಂದು ಬದಿಗೆ ಸರಿಸುವುದು ಬಹಳ ಸುಲಭ.

ಮೊದಲು ‘ಕಾಂಟ್ರಾಕ್ಟರ್ ತಲೆನೋವು’ ಎಂಬ ಮಾತು. ಅದು ತಪ್ಪು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಬಾಕಿಯನ್ನು ಮೂಲ ಮಾಲೀಕರು, ಅಂದರೆ ನಿಮ್ಮ ಕಂಪನಿಯೇ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಓಟಿಗೆ ದುಪ್ಪಟ್ಟು ದರ ಎಂಬುದೂ ಹಾಗೆಯೇ ಉಳಿದಿದೆ. ಹಾಗಾಗಿ ನೀವು ಎತ್ತುತ್ತಿರುವುದು ಕಂಪನಿಯ ತಲೆಯ ಮೇಲೇ ಇರುವ ಬಾಕಿಯ ವಿಷಯ.

ಲೆಕ್ಕಕ್ಕೆ 60 ಜನರದ್ದೂ ಬೇಕಿಲ್ಲ. ಒಂದು ತಿಂಗಳು, 15 ಜನ ಸಾಕು. ಆದರೆ ಆಯ್ಕೆ ಸರಿಯಿರಲಿ: ರಾತ್ರಿ ಪಾಳಿಯವರು ಐದಾರು ಮಂದಿ, ಹೆಂಗಸರು, ಹೊಸದಾಗಿ ಸೇರಿದವರು, ಆ ತಿಂಗಳು ಬಿಟ್ಟುಹೋದ ಒಬ್ಬಿಬ್ಬರು. ಬಿಟ್ಟುಹೋದವರ ಕೊನೆಯ ಲೆಕ್ಕದಲ್ಲೇ ಕೊರತೆ ಹೆಚ್ಚು ಸಿಗುತ್ತದೆ, ಏಕೆಂದರೆ ಕೇಳಲು ಅವರು ಅಲ್ಲಿರುವುದಿಲ್ಲ. ಇವರ ಗೇಟಿನ ಪಂಚಿಂಗ್ ದಾಖಲೆ, ಕಾಂಟ್ರಾಕ್ಟರ್‌ನ ಮಸ್ಟರ್ ರೋಲ್ (ಹಾಜರಾತಿ ಪುಸ್ತಕ), ಬ್ಯಾಂಕಿಗೆ ಜಮಾ ಆದ ಪಟ್ಟಿ, ಈ ಮೂರನ್ನೂ ಪಕ್ಕಪಕ್ಕ ಇಡಿ. ಪಂಚಿಂಗ್ ಡೇಟಾವನ್ನು ಎಲ್ಲಕ್ಕಿಂತ ಮೊದಲು, ಯಾರಿಗೂ ವಿಷಯ ಹೇಳುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಸುದ್ದಿ ಹೊರಬಿದ್ದ ಮೇಲೆ ಹಾಜರಾತಿ ‘ತಿದ್ದುಪಡಿ’ಗಳು ಶುರುವಾಗುತ್ತವೆ.

ಒಂದು ಉದಾಹರಣೆ. ತಿಂಗಳ ಸಂಬಳ 15,600 ಇದ್ದರೆ 26 ದಿನಕ್ಕೆ ಭಾಗಿಸಿ ದಿನಕ್ಕೆ 600, ಗಂಟೆಗೆ 75, ಓಟಿ ಗಂಟೆಗೆ 150. 30 ಗಂಟೆ ಓಟಿ ಮಾಡಿದವರಿಗೆ 4,500 ಬರಬೇಕು. ಒಂಟಿ ದರದಲ್ಲಿ ಕೊಟ್ಟಿದ್ದರೆ ಕೈಗೆ ಬಂದದ್ದು 2,250. 60 ಜನಕ್ಕೂ ಹೀಗೇ ಆಗಿದ್ದರೆ ಬಾಕಿ ತಿಂಗಳಿಗೆ 1,35,000, ಮೂರು ತಿಂಗಳಿಗೆ 4,05,000. ಕೆಲವರು 26ರ ಬದಲು 30ರಿಂದ ಭಾಗಿಸುತ್ತಾರೆ. ಆಗ ಗಂಟೆಯ ದರವೇ 65ಕ್ಕೆ ಇಳಿಯುತ್ತದೆ. ಓಟಿಯನ್ನು ಸ್ಲಿಪ್‌ನಲ್ಲಿ ‘ಇನ್ಸೆಂಟಿವ್’ ಎಂದು ತೋರಿಸಿದ್ದರೆ ಅದನ್ನೂ ಗುರುತು ಹಾಕಿ.

ಎಲ್ಲ ವ್ಯತ್ಯಾಸವೂ ಮೋಸವಲ್ಲ. ರಾತ್ರಿ 10ಕ್ಕೆ ಒಳಗೆ ಬಂದು ಬೆಳಿಗ್ಗೆ 6ಕ್ಕೆ ಹೊರಗೆ ಹೋದವನ ಎರಡು ಪಂಚ್‌ಗಳು ಬೇರೆ ಬೇರೆ ತಾರೀಖಿಗೆ ಬೀಳುತ್ತವೆ. ಸಾಫ್ಟ್‌ವೇರ್‌ನಲ್ಲಿ ಪಾಳಿಯನ್ನು ಸರಿಯಾಗಿ ಕೂರಿಸದಿದ್ದರೆ ಎರಡೂ ದಿನ ‘ಒಂದು ಪಂಚ್ ಇಲ್ಲ’ ಎಂದು ತೋರಿಸಿ, ದುಡಿದವನೇ ಗೈರುಹಾಜರಿ ಆಗುತ್ತಾನೆ. ಇದು ಕಾಂಟ್ರಾಕ್ಟರ್ ತಪ್ಪಲ್ಲ, ನಿಮ್ಮ ವಿಭಾಗದ್ದು. ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ಬರೆಯಿರಿ.

ಇನ್ನೊಂದು ಕಾಗದವನ್ನು ಮರೆಯದೆ ಓದಿ: ಕಂಪನಿ ಕಾಂಟ್ರಾಕ್ಟರ್‌ಗೆ ಕೊಟ್ಟ ವರ್ಕ್ ಆರ್ಡರ್, ಅಂದರೆ ಕೆಲಸದ ದರ, ಷರತ್ತು ಬರೆದ ಆದೇಶ. ಅದರಲ್ಲಿ ಓಟಿಗೆ ಎಷ್ಟು ದರ ಒಪ್ಪಿದ್ದಾರೆ? ಪರ್ಚೇಸ್ ವಿಭಾಗದವರೇ ಒಂಟಿ ದರ ಬರೆದಿದ್ದರೆ, ಕಾಂಟ್ರಾಕ್ಟರ್‌ಗೆ ಸಿಗುವ ಸರ್ವಿಸ್ ಚಾರ್ಜನ್ನು ಜಗ್ಗಿ ಜಗ್ಗಿ ಇಳಿಸಿದ್ದರೆ, ನಿಮ್ಮ ‘ಅಣ್ಣ’ ಕೈಯಿಂದ ಹಾಕಿ ದುಪ್ಪಟ್ಟು ಕೊಡುವುದಿಲ್ಲ. ಆಗ ದೋಷದ ಹೆಚ್ಚು ಪಾಲು ಕಂಪನಿಯದೇ, ಬೇಡಿಕೆಯೂ ಬೇರೆಯಾಗುತ್ತದೆ: ದರ ಪರಿಷ್ಕರಣೆ. ಕಂಪನಿ ದುಪ್ಪಟ್ಟು ಕೊಟ್ಟು ಅದು ನಡುವೆ ನಿಂತಿದ್ದರೆ ಮಾತ್ರ ಅವರನ್ನು ಕೇಳಬೇಕು. ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದು ಈ ಒಂದು ಸಾಲಿನ ಮೇಲೆ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಕೂಡ ನೋಡಿಬಿಡಿ. ಸ್ಲಿಪ್‌ನಲ್ಲಿ 12 ಪರ್ಸೆಂಟ್ ಪಿಎಫ್, 0.75 ಪರ್ಸೆಂಟ್ ಇಎಸ್‌ಐ ಹಿಡಿದಿದ್ದರೆ ಮುಂದಿನ ತಿಂಗಳ 15ರೊಳಗೆ ಕಟ್ಟಿದ ಚಲನ್ ಇರಬೇಕು, ಅದರಲ್ಲಿ ಈ 15 ಜನರ ಹೆಸರೂ ಇರಬೇಕು. ಚಲನ್‌ನ ಒಟ್ಟು ಮೊತ್ತ ನೋಡಿ ಸಮಾಧಾನಪಡಬೇಡಿ. ಬೇರೆ ಕಾರ್ಖಾನೆಯ ಜನರನ್ನೂ ಸೇರಿಸಿ ಕಟ್ಟಿದ ಚಲನ್ ಇರಬಹುದು.

ಇಷ್ಟಾದ ಮೇಲೆ ಒಂದೇ ಪುಟದ ಟಿಪ್ಪಣಿ. ಪ್ಲಾಂಟ್ ಹೆಡ್‌ಗೆ ಇ-ಮೇಲ್, ಪ್ರತಿ ಫೈನಾನ್ಸ್ ಮುಖ್ಯಸ್ಥರಿಗೆ. ವಿಶೇಷಣ ಬೇಡ, ಅಂಕಿಗಳು ಮಾತ್ರ. ಪರಿಹಾರವನ್ನೂ ನೀವೇ ಬರೆಯಿರಿ: ಬಾಕಿಯನ್ನು ಕಾರ್ಮಿಕರ ಖಾತೆಗೆ ಕಂಪನಿ ನೇರವಾಗಿ ಜಮಾ ಮಾಡಲಿ, ಕಾಂಟ್ರಾಕ್ಟರ್‌ನಿಂದ ಬರಬೇಕಾದಷ್ಟಕ್ಕೆ ಮಾತ್ರ ಡೆಬಿಟ್ ನೋಟ್ (ಬಿಲ್‌ನಿಂದ ಮುರಿದುಕೊಳ್ಳುವ ಚೀಟಿ) ಹಾಕಲಿ. ಸಿಟ್ಟಿನಲ್ಲಿ ಅವರ ಇಡೀ ಬಿಲ್ ತಡೆಹಿಡಿಯುವ ಸಲಹೆ ಬಂದರೆ ಒಪ್ಪಬೇಡಿ. ಸಣ್ಣ ಕಾಂಟ್ರಾಕ್ಟರ್‌ಗೆ ಆ ಬಿಲ್ಲೇ ಮುಂದಿನ ಸಂಬಳ. ಅದು ನಿಂತರೆ 7ನೇ ತಾರೀಖಿನೊಳಗೆ ಬರಬೇಕಾದ ಕೂಲಿಯೂ ನಿಲ್ಲುತ್ತದೆ. ಇನ್ನು ಮುಂದೆ ಬಿಲ್ ಪಾಸ್ ಆಗುವ ಮೊದಲು ಹಿಂದಿನ ತಿಂಗಳ ಬ್ಯಾಂಕ್ ಪಟ್ಟಿ ಮತ್ತು ಚಲನ್ ಕಡ್ಡಾಯ ಎಂದೂ ಸೇರಿಸಿ.

ಸಹಿಯ ವಿಷಯಕ್ಕೆ ಅದೇ ಮೇಲ್‌ನಲ್ಲಿ ಎರಡು ಸಾಲು: ‘ಪಾವತಿ ಬ್ಯಾಂಕ್ ಮೂಲಕ ಆಗಿರುವುದರಿಂದ ಸಮಕ್ಷಮ ಎಂದು ದೃಢೀಕರಿಸಲು ಬರುವುದಿಲ್ಲ. ಬಾಕಿ ಜಮಾ ಆದ ಮೇಲೆ, ಬ್ಯಾಂಕ್ ಪಟ್ಟಿಯೊಂದಿಗೆ ತಾಳೆ ನೋಡಿ, ನೋಡಿದ ದಿನದ ತಾರೀಖು ಹಾಕಿ ಸಹಿ ಮಾಡುತ್ತೇನೆ.’ ಹಿಂದಿನ ತಾರೀಖು ಯಾವ ಕಾರಣಕ್ಕೂ ಬೇಡ. ಆಡಿಟ್‌ನವರು ರಿಜಿಸ್ಟರ್ ನೋಡಿ ಎದ್ದುಹೋಗುವುದಿಲ್ಲ. ಕಾರ್ಮಿಕರನ್ನು ಪ್ರತ್ಯೇಕವಾಗಿ ಮಾತಾಡಿಸುತ್ತಾರೆ, ಉತ್ಪಾದನೆಯ ಪಾಳಿ ವರದಿಯನ್ನು ಹಾಜರಾತಿಗೆ ಹೋಲಿಸುತ್ತಾರೆ. ಭಾನುವಾರ ಮಷೀನು ಓಡಿದ್ದು ಅಲ್ಲಿ ಕಾಣುತ್ತದೆ, ಓಡಿಸಿದವನ ಹೆಸರು ಮಸ್ಟರ್‌ನಲ್ಲಿ ಇರುವುದಿಲ್ಲ. ಆಗ ಸಿಗುವುದು ನಿಮ್ಮ ಸಹಿ.

ಪ್ಲಾಂಟ್ ಹೆಡ್‌ಗೆ ಇನ್ನೂ ಅರ್ಥವಾಗದಿದ್ದರೆ ನರಸಾಪುರವನ್ನು ನೆನಪಿಸಿ, ದೂರವೇನಿಲ್ಲ. 2020ರ ಡಿಸೆಂಬರ್ 12ರಂದು ಅಲ್ಲಿನ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ವೇತನದ ಅಸಮಾಧಾನದಿಂದ ಗಲಭೆಯಾಯಿತು. ಕೆಲಸದ ಅವಧಿಯ ನಿರ್ವಹಣೆ ಸರಿಯಿಲ್ಲದೆ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ವೇತನ ತಡವಾಗಿತ್ತೆಂದು ಆಪಲ್ ಕಂಪನಿಯೇ ಹೇಳಿತು. ಆ ಕಾರ್ಖಾನೆಗೆ ಹೊಸ ಆರ್ಡರ್ ಕೊಡುವುದನ್ನೂ ಸ್ವಲ್ಪ ಕಾಲ ನಿಲ್ಲಿಸಿತು.

ಊರಿನ ವಿಷಯ. ಮೇಲ್ ಕಳಿಸಿದ ದಿನವೇ ಕಾಂಟ್ರಾಕ್ಟರ್‌ಗೆ ನೀವೇ ಹೇಳಿ, ಫೋನಿನಲ್ಲಲ್ಲ, ಎದುರು ಕೂತು. ‘ಅಣ್ಣ, ನಿಮ್ಮ ಲೆಕ್ಕ ಬೇರೆ ಇದ್ದರೆ ಕೊಡಿ, ನಾನೇ ಸೇರಿಸುತ್ತೇನೆ’ ಎನ್ನಿ. ಕೆಲಸ ಕೊಡಿಸಿದ ಋಣವನ್ನು ಅಲ್ಲಿ ಎತ್ತಿದರೆ ಒಪ್ಪಿಕೊಳ್ಳಿ, ಆದರೆ ಮಾತನ್ನು ಮತ್ತೆ ವರ್ಕ್ ಆರ್ಡರ್‌ಗೆ ತನ್ನಿ. ಕಾರ್ಮಿಕರಿಗೆ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಚಹಾದಂಗಡಿಯಲ್ಲಿ ಭರವಸೆ ಕೊಡಬೇಡಿ. ಸ್ಲಿಪ್ ಕೇಳಿ ಪಡೆಯಿರಿ, ಪಿಎಫ್ ಪಾಸ್‌ಬುಕ್ ನೋಡಿಕೊಳ್ಳಿ ಎಂದಷ್ಟೇ ಹೇಳಿ. ಅದು ಎಚ್‌ಆರ್ ಹೇಳಬೇಕಾದ ಮಾತೇ.

ಕಂತಿನ ಚಿಂತೆ ನಿಜ. ಮೇಲ್‌ಗೆ ಒಂದು ವಾರ ಉತ್ತರ ಬರದಿದ್ದರೆ ಕಂಪನಿಯ ಮುಖ್ಯ ಕಚೇರಿಯ ಎಚ್‌ಆರ್‌ಗೆ ಅದನ್ನೇ ಮುಂದಕ್ಕೆ ಕಳಿಸಿ. ಅಲ್ಲೂ ‘ಮೊದಲು ಸಹಿ ಹಾಕು’ ಎಂದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ, ಆದರೆ ಕೈಯಲ್ಲಿ ಇನ್ನೊಂದು ಆಫರ್ ಲೆಟರ್ ಬರುವವರೆಗೆ ರಾಜೀನಾಮೆ ಬರೆಯಬೇಡಿ. ಸಿಟ್ಟಿನಲ್ಲಿ ಅವರೇ ನಿಮ್ಮ ರಾಜೀನಾಮೆ ಕೇಳಿದರೆ, ಲಿಖಿತವಾಗಿ ಕೇಳಿ ಎನ್ನಿ.