ಊರಲ್ಲಿ ಸಾವು ಜಾಸ್ತಿಯಾಯಿತಾ, ಊರಿಗೇ ವಯಸ್ಸಾಯಿತಾ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಗೆ ಬರುವ ವೈಕುಂಠ ಸಮಾರಾಧನೆಯ ಕಾಗದಗಳನ್ನು ಕೊಕ್ಕೆ ಕಂಬಿಗೆ ಚುಚ್ಚಿ ಇಡುವ ಅಭ್ಯಾಸ ನನ್ನದು. ಇಪ್ಪತ್ತು ವರ್ಷದ ಹಿಂದಿನ ಕಂಬಿಗಿಂತ ಈಗಿನದು ಬೇಗ ತುಂಬುತ್ತಿದೆ. ಅರವತ್ತು ದಾಟಿದವರನ್ನು ಮಾತ್ರ ಹಿಡಿದು ಲೆಕ್ಕ ಹಾಕಿದೆ. ಆಗಲೂ ಸಾವಿರಕ್ಕೆ ಸಾಯುವವರು ಭದ್ರಾವತಿಯ ನನ್ನ ತಮ್ಮನ ಬಡಾವಣೆಗಿಂತ ನಮ್ಮಲ್ಲೇ ಹೆಚ್ಚು. ಆದರೆ ಸತ್ತವರ ಸರಾಸರಿ ವಯಸ್ಸೂ ನಮ್ಮಲ್ಲೇ ಹೆಚ್ಚು! ಹಾಗಾದರೆ ಮಲೆನಾಡಿನ ಗಾಳಿ, ನೀರು ಒಳ್ಳೆಯದೋ ಕೆಟ್ಟದ್ದೋ?

ಉತ್ತರ: ಮೇಷ್ಟ್ರೇ, ಗಾಳಿ, ನೀರನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಮೊದಲು ನಿಮ್ಮೂರಲ್ಲಿ ಈಗ ಯಾರಿದ್ದಾರೆ ನೋಡಿ. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ಎಂಬತ್ತರ ಅಪ್ಪ, ಎಪ್ಪತ್ತಾರರ ಅಮ್ಮ, ಒಂದು ನಾಯಿ. ತಮ್ಮನ ಬಡಾವಣೆಯಲ್ಲಿ ಅರವತ್ತು ದಾಟಿದವರು ಅಂದರೆ ಹೆಚ್ಚಿನವರು ಮೊನ್ನೆ ಮೊನ್ನೆ ರಿಟೈರ್ ಆಗಿ ಬೆಳಿಗ್ಗೆ ವಾಕಿಂಗ್ ಹೋಗುವವರು. ಇಬ್ಬರನ್ನೂ ‘ಅರವತ್ತು ದಾಟಿದವರು’ ಅಂತ ಒಂದೇ ಚೀಲಕ್ಕೆ ಹಾಕಿದ್ದೀರಿ. ಎಡವಿದ್ದು ಅಲ್ಲೇ.

ಸಾವಿನ ಸಾಧ್ಯತೆ ವಯಸ್ಸಿನ ಜೊತೆ ಒಂದೇ ಅಳತೆಯಲ್ಲಿ ಏರುವುದಿಲ್ಲ, ಬಡ್ಡಿಗೆ ಬಡ್ಡಿ ಸೇರಿದ ಹಾಗೆ ಏರುತ್ತದೆ. ಇದನ್ನು 1825ರಲ್ಲೇ ಬೆಂಜಮಿನ್ ಗಾಂಪರ್ಟ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೋರಿಸಿದ್ದ. ಈಗಿನ ಅಂದಾಜಿನಲ್ಲಿ ಸುಮಾರು 8 ವರ್ಷಕ್ಕೊಮ್ಮೆ ಅದು ದುಪ್ಪಟ್ಟು. ಅಂದರೆ 62ರವರಿಗಿಂತ 86ರವರಿಗೆ ಎಂಟು ಪಟ್ಟು. ಅರವತ್ತು ದಾಟಿದವರಲ್ಲೇ ಇಷ್ಟು ಅಂತರ ಇದ್ದರೆ ಎಲ್ಲರಿಗೂ ಸೇರಿಸಿ ಒಂದೇ ದರ ಹೇಳಿ ಏನು ಪ್ರಯೋಜನ? ಹಳೇ ಅಡಿಕೆ ತೋಟದಲ್ಲಿ ವರ್ಷಕ್ಕೆ ಹತ್ತು ಮರ ಬಿದ್ದವು, ಮೊನ್ನೆ ಸಸಿ ಹಾಕಿದ ತೋಟದಲ್ಲಿ ಒಂದೂ ಬೀಳಲಿಲ್ಲ, ಹಾಗಾಗಿ ಹಳೇ ತೋಟದ ಮಣ್ಣು ಸರಿಯಿಲ್ಲ ಅಂದರೆ ನಿಮ್ಮೂರಿನವರೇ ನಗ್ತಾರೆ ಅಲ್ವಾ?

ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನು ಸುಮ್ನೆ ಕಟ್ಟಿಕೊಂಡವು, ಯಾವ ಊರಿನದೂ ಅಲ್ಲ. ‘ಗುಡ್ಡದೂರು’, ‘ಪೇಟೆಯೂರು’ ಅನ್ನೋಣ. ಎರಡರಲ್ಲೂ ಅರವತ್ತು ದಾಟಿದವರು ಸಾವಿರ ಜನ. ಗುಡ್ಡದೂರಲ್ಲಿ ಅರವತ್ತರ ಹರೆಯದವರು 400, ಎಪ್ಪತ್ತರವರು 350, ಎಂಬತ್ತು ಮತ್ತು ಮೇಲ್ಪಟ್ಟವರು 250. ವರ್ಷಕ್ಕೆ ಸಾವಿರಕ್ಕೆ ಸಾಯುವವರು ಈ ಮೂರು ಗುಂಪಲ್ಲಿ ಕ್ರಮವಾಗಿ 15, 40, 120. ಒಟ್ಟು ಸಾವು 6, 14, 30 ಸೇರಿ 50. ಪೇಟೆಯೂರಲ್ಲಿ 700, 250, 50 ಜನ. ಅಲ್ಲಿನ ದರ 20, 48, 140. ಗಮನಿಸಿ, ಪ್ರತಿ ವಯಸ್ಸಲ್ಲೂ ಪೇಟೆಯದೇ ಜಾಸ್ತಿ. ಆದರೂ ಒಟ್ಟು ಸಾವು 14, 12, 7 ಸೇರಿ ಬರೀ 33! ಮೇಲಿಂದ ನೋಡಿದರೆ ಗುಡ್ಡದೂರು ಸಾವಿನೂರು.

ಈಗ ಇಬ್ಬರಿಗೂ ಒಂದೇ ಅಳತೆಯ ಜನಸಂಖ್ಯೆ ಕೊಡಿ. 600, 300, 100 ಅಂತಿಟ್ಟುಕೊಳ್ಳಿ. ಅವರವರ ದರವನ್ನೇ ಇದರ ಮೇಲೆ ಹಾಕಿ. ಗುಡ್ಡದೂರಿಗೆ 9, 12, 12, ಒಟ್ಟು 33. ಪೇಟೆಯೂರಿಗೆ 12, 14.4, 14, ಒಟ್ಟು 40 ಚಿಲ್ಲರೆ. ತಕ್ಕಡಿ ಪೂರ್ತಿ ತಿರುಗಿತು. ಇದಕ್ಕೇ ವಯಸ್ಸನ್ನು ಸರಿದೂಗಿಸಿದ ದರ ಅನ್ನೋದು. ಬೋರ್ಡ್ ಮೇಲೆ ಬರೆದರೆ ಏಳನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ.

ನಿಜವಾದ ಉದಾಹರಣೆಯೂ ಇದೆ. 2018ರ ಮಾದರಿ ನೋಂದಣಿ ಸಮೀಕ್ಷೆ, ಅಂದರೆ ಎಸ್‌ಆರ್‌ಎಸ್ ಪ್ರಕಾರ ಸಾವಿರ ಜನಕ್ಕೆ ಕೇರಳದಲ್ಲಿ 6.9 ಸಾವು, ಬಿಹಾರದಲ್ಲಿ 5.8. ಕೇರಳ ಬಿಟ್ಟು ಬಿಹಾರಕ್ಕೆ ಹೋದರೆ ಆಯಸ್ಸು ಹೆಚ್ಚುತ್ತದೆ ಅಂತ ಯಾರಾದರೂ ಹೇಳ್ತಾರಾ? 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಕೇರಳದಲ್ಲಿ ನೂರಕ್ಕೆ 12.6, ಬಿಹಾರದಲ್ಲಿ 7.4. ನಮ್ಮ ಕರ್ನಾಟಕ ನಡುವೆ, 9.5.

ನಿಮ್ಮ ಕಂಬಿ ಬೇಗ ತುಂಬೋದಕ್ಕೂ ಇದೇ ಕಾರಣ ಇರಬಹುದು. ಒಂದೇ ಊರನ್ನು ಇಪ್ಪತ್ತು ವರ್ಷದ ಅಂತರದಲ್ಲಿ ಹೋಲಿಸೋದು ಎರಡು ಊರನ್ನು ಹೋಲಿಸಿದ ಹಾಗೇ. ಮೊದಲು 68ಕ್ಕೆ ಹೋಗುತ್ತಿದ್ದವರು ಈಗ 82ರ ತನಕ ಇರುತ್ತಾರೆ. ಹಾಗಾಗಿ ಎಂಬತ್ತರ ಗುಂಪು ಉಬ್ಬುತ್ತದೆ, ಒಟ್ಟು ದರ ಏರುತ್ತದೆ. ಜನ ಗಟ್ಟಿಯಾದದ್ದೇ ಕಾಗದದ ಮೇಲೆ ಸಾವು ಹೆಚ್ಚಾದಂತೆ ಕಾಣುತ್ತದೆ. ಒಂದು ಎಚ್ಚರಿಕೆ: ಹಳೇ ವರ್ಷಕ್ಕೂ ಹೊಸ ವರ್ಷಕ್ಕೂ ಅಳತೆಯ ಜನಸಂಖ್ಯೆ ಒಂದೇ ಇರಬೇಕು. ನಡುವೆ ಸೇರು ಬದಲಿಸಬೇಡಿ.

ಇನ್ನು ಸತ್ತವರ ಸರಾಸರಿ ವಯಸ್ಸು. ದಯವಿಟ್ಟು ಅದನ್ನು ಬಿಟ್ಟುಬಿಡಿ. ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ 1840ರ ದಶಕದಲ್ಲಿ ಊರು ಊರುಗಳ ಆರೋಗ್ಯವನ್ನು ಹೀಗೇ ಅಳೆಯಲು ಹೊರಟಿದ್ದರು. 1844ರಲ್ಲಿ ನೀಸನ್ ಎಂಬ ವಿಮಾ ಗಣಿತಜ್ಞ ಅದರ ಹುಳುಕು ಬಿಚ್ಚಿಟ್ಟರು. ಮುದುಕರೇ ತುಂಬಿರುವ ಊರಲ್ಲಿ ಸಾಯುವವರೂ ಮುದುಕರೇ, ಸರಾಸರಿ ಮೇಲೇ ಇರುತ್ತದೆ. ಅದು ಊರಿನ ವಯಸ್ಸು ಹೇಳುತ್ತದೆ, ಆರೋಗ್ಯ ಅಲ್ಲ. ಸರಿದೂಗಿಸುವ ಉಪಾಯವನ್ನೂ ಅದೇ ನೀಸನ್ ಆಗಲೇ ಬಳಸಿ ತೋರಿಸಿದ್ದರು. ನೂರಾ ಎಂಬತ್ತು ವರ್ಷವಾಯಿತು, ನಾವಿನ್ನೂ ಅದೇ ಗುಂಡಿಗೆ ಬೀಳುತ್ತಿದ್ದೇವೆ.

ವಯಸ್ಸು ಸರಿ ಮಾಡಿದರೂ ಮಲೆನಾಡಲ್ಲಿ ಬೇರೆ ತೊಡಕುಗಳಿವೆ. ಸಾವು ನೋಂದಣಿಯಾಗುವುದು ಎಲ್ಲಿ ನಡೆಯಿತೋ ಅಲ್ಲಿ. ಹೊಸನಗರದ ಅಜ್ಜ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೀರಿಕೊಂಡರೆ ಶಿವಮೊಗ್ಗದ ಲೆಕ್ಕ. ಮಣಿಪಾಲಕ್ಕೆ ಒಯ್ದಿದ್ದರೆ ಜಿಲ್ಲೆಯೇ ಬೇರೆ, ಉಡುಪಿಯ ಲೆಕ್ಕ. ನಮೂನೆಯಲ್ಲಿ ವಾಸದ ಊರಿಗೆ ಬೇರೆ ಕಾಲಂ ಇದೆ. ಹೋಲಿಸುವಾಗ ಅದನ್ನೇ ನೋಡಬೇಕು. ಕಾಯಿಲೆ ಬಿದ್ದ ಮೇಲೆ ಬೆಂಗಳೂರಿನ ಮಗನ ಮನೆಗೆ ಹೋದವರದು ಇನ್ನೂ ಕಗ್ಗಂಟು. ಊರಲ್ಲಿ ಗಟ್ಟಿಮುಟ್ಟಾದವರೇ ಉಳಿದು ಊರಿನ ದರ ಚೆನ್ನಾಗಿ ಕಾಣಿಸುತ್ತದೆ.

ನೋಂದಣಿಯೂ ಮೊದಲಿನ ಹಾಗಿಲ್ಲ. ಕಾಯ್ದೆ ಬಂದದ್ದು 1969ರಲ್ಲಿ, 21 ದಿನದೊಳಗೆ ತಿಳಿಸಬೇಕು ಅನ್ನುತ್ತದೆ. ಆದರೆ ಜನ ಓಡಿದ್ದು ಪೌತಿ ಖಾತೆಗೆ ಮರಣ ಪತ್ರ ಬೇಕು ಅಂದಾಗ. ಪಹಣಿಯಲ್ಲಿ ಹೆಸರಿದ್ದ ಯಜಮಾನರ ಸಾವು ದಾಖಲಾಯಿತು. ಹೆಸರಲ್ಲಿ ಗುಂಟೆ ಜಾಗವೂ ಇಲ್ಲದ ಅಜ್ಜಿಯ ಸಾವಿಗೆ ಪತ್ರ ಮಾಡಿಸುವ ಅವಸರ ಯಾರಿಗಿತ್ತು? ಈಗ ಬ್ಯಾಂಕು, ಪಿಂಚಣಿ, ವಿಮೆ ಎಲ್ಲಕ್ಕೂ ಪತ್ರ ಬೇಕು, ಹಾಗಾಗಿ ದಾಖಲೆ ಹೆಚ್ಚಿದೆ. ಹಳೇ ಪುಸ್ತಕದಲ್ಲಿ ಸಾವು ಕಡಿಮೆ ಕಂಡರೆ ಅದು ಬರೆಸದೆ ಬಿಟ್ಟದ್ದೂ ಇರಬಹುದು.

ಇನ್ನು ಭಾಗಿಸುವ ಅಂಕಿ. 2011ರ ನಂತರ ಜನಗಣತಿ ಆಗಲಿಲ್ಲ, ಮುಂದಿನದರ ಲೆಕ್ಕದ ದಿನ 2027ರ ಮಾರ್ಚ್ 1. ಅಲ್ಲಿಯ ತನಕ ಎಂಬತ್ತು ದಾಟಿದವರು ಎಷ್ಟು ಅನ್ನೋದು ಅಂದಾಜೇ. ನಿಮ್ಮ ಪಂಚಾಯಿತಿಯಷ್ಟಕ್ಕೆ ಮನೆ ಮನೆ ಎಣಿಸಿದರೆ ಒಂದು ವಾರದ ಕೆಲಸ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಇನ್ನೂ ಬೇಗ.

ಕೊನೆಯದು, ಸಣ್ಣ ಸಂಖ್ಯೆಯ ಆಟ. ಸಾವಿನ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಅಷ್ಟು ಏರಿಳಿತ ಬರೀ ಆಕಸ್ಮಿಕ ಇರಬಹುದು. 16 ಸಾವಿದ್ದರೆ 8 ಅತ್ತಿತ್ತ, ಅಂದರೆ ಅರ್ಧದಷ್ಟು! 400 ಇದ್ದರೆ 40 ಮಾತ್ರ. ಆದ್ದರಿಂದ ಪಂಚಾಯಿತಿ ಮಟ್ಟದಲ್ಲಿ ಐದು ವರ್ಷ ಒಟ್ಟು ಮಾಡದೆ ಮಾತಾಡಬೇಡಿ. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆ ಬಂದಂಥ ವರ್ಷ ಒಂದು ಸಣ್ಣ ಊರಿನ ಲೆಕ್ಕವನ್ನೇ ಅಲುಗಾಡಿಸುತ್ತದೆ. ಸಂಕಟ ನಿಜ, ಆದರೆ ಅದೊಂದೇ ವರ್ಷ ಹಿಡಿದು ದಶಕದ ಕಥೆ ಹೇಳಲಾಗದು.

ಪ್ರಶ್ನೆ: ಅಮ್ಮನ ಆಧಾರ್‌ನಲ್ಲಿ ಹುಟ್ಟಿದ ದಿನ 1934ರ ಜನವರಿ 1. ಮನೆಯವರ ಲೆಕ್ಕದಲ್ಲಿ 1941. ಇಂಥ ತಪ್ಪಿನಿಂದ ನಿಮ್ಮ ಲೆಕ್ಕಗಳು ಕೆಡುವುದಿಲ್ಲವೇ? (ಸಾಗರ ತಾಲೂಕಿನ ಓದುಗರು)

ಉತ್ತರ: ಕೆಡುತ್ತವೆ, ಚೆನ್ನಾಗಿಯೇ ಕೆಡುತ್ತವೆ. ಎಪ್ಪತ್ತರವರು ಎಂಬತ್ತರ ಗುಂಪಲ್ಲಿ ಕೂತರೆ ಅವರು ಅಷ್ಟು ಬೇಗ ಸಾಯುವುದಿಲ್ಲ. ಎಂಬತ್ತರವರ ಸಾವಿನ ದರ ಇಳಿದಂತೆ ಕಾಣುತ್ತದೆ. ‘ಹಳೇ ಕಾಲದವರು ಗಟ್ಟಿ’ ಅನ್ನುವ ಮಾತಲ್ಲಿ ಅರ್ಧ ಇದೇ ಇರಬಹುದು ಅಂತ ನನ್ನ ಗುಮಾನಿ. ಜನವರಿ 1 ಅಂದರೆ ಸಾಮಾನ್ಯವಾಗಿ ‘ದಿನ ಗೊತ್ತಿಲ್ಲ’ ಅಂತಲೇ ಅರ್ಥ. 60, 65, 70 ಹೀಗೆ ದುಂಡು ವಯಸ್ಸಲ್ಲೇ ಜನ ಗುಂಪುಗೂಡೋದೂ ಅದಕ್ಕೇ.

ಇಂಥಲ್ಲಿ ನಾವು ವಯಸ್ಸು ಕೇಳುವುದಿಲ್ಲ, ಘಟನೆ ಕೇಳುತ್ತೇವೆ. ನಿಮ್ಮ ಕಡೆ ಅದು ಸುಲಭ. ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ, ಅದನ್ನೇ ಮುಳುಗಿಸಿದ ಲಿಂಗನಮಕ್ಕಿ 1964ರದು. ಹಿರೇಭಾಸ್ಕರ ಆದಾಗ ನೀನು ಎಷ್ಟು ದೊಡ್ಡವಳಿದ್ದೆ ಅಂತ ಅಮ್ಮನನ್ನು ಕೇಳಿ. ಹಾಲುಹಲ್ಲು ಬೀಳುತ್ತಿತ್ತು ಅಂದರೆ ಮನೆಯವರ ಲೆಕ್ಕ ಸರಿ. ಮದುವೆ ಮಾತು ನಡೆಯುತ್ತಿತ್ತು ಅಂದರೆ ಆಧಾರ್ ಸರಿ.